ಪ್ರಶ್ನೋತ್ತರ: ಬ್ಯಾಟರಿ ವಾಹನವೋ, ಹೈಡ್ರೋಜನ್ ವಾಹನವೋ?

ಎಲೆಕ್ಟ್ರಿಕ್ ವಾಹನಗಳ ಕುರಿತು ಪ್ರಶ್ನೆಗಳನ್ನು ಕಳುಹಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಓದುಗರನ್ನು ಕೋರಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಹೈಡ್ರೋಜನ್ನಿನ ಸುತ್ತಲೇ ಇದ್ದವು. ಬ್ಯಾಟರಿ ವಾಹನವು ನಡುದಾರಿಯ ತಂಗುದಾಣ ಮಾತ್ರ, ಇನ್ನು ಸ್ವಲ್ಪ ಕಾದರೆ ನೀರಿನ ಹಬೆಯನ್ನಷ್ಟೇ ಬಿಡುವ ಹೈಡ್ರೋಜನ್ ಕಾರು ಬಂದು ಎಲ್ಲವನ್ನೂ ಬದಲಿಸಿಬಿಡುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿ ಗಟ್ಟಿಯಾಗಿ ನೆಲೆಯೂರಿದೆ ಎಂಬುದು ಅವುಗಳಿಂದ ತಿಳಿಯಿತು. ಈ ನಂಬಿಕೆಯಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ಕೇರಿ ನೋಡುವುದು ಅಗತ್ಯ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿಗೂ ಹೈಡ್ರೋಜನ್ ಕಾರಿಗೂ ಇರುವ ಮೂಲ ವ್ಯತ್ಯಾಸವೇನು? ಹೈಡ್ರೋಜನ್ ಕಾರಿನೊಳಗೆ ಏನು ಉರಿಯುತ್ತದೆ? (ಪದವಿ ವಿದ್ಯಾರ್ಥಿನಿ)

ಉತ್ತರ: ಏನೂ ಉರಿಯುವುದಿಲ್ಲ. ಇಂದು ಮಾರಾಟಕ್ಕಿರುವ ಹೈಡ್ರೋಜನ್ ಕಾರು ಕೂಡ ಎಲೆಕ್ಟ್ರಿಕ್ ಕಾರೇ ಆಗಿದೆ. ಎರಡರಲ್ಲೂ ಚಕ್ರವನ್ನು ತಿರುಗಿಸುವುದು ವಿದ್ಯುತ್ ಮೋಟಾರು. ಬ್ಯಾಟರಿ ಕಾರು ಹೊರಗಿನಿಂದ ವಿದ್ಯುತ್ತನ್ನು ತುಂಬಿಸಿಕೊಂಡು ಹೊರಡುತ್ತದೆ. ಹೈಡ್ರೋಜನ್ ಕಾರು ಅನಿಲವನ್ನು ಹೊತ್ತುಕೊಂಡು ಹೊರಟು, ಓಡುತ್ತಲೇ ತನಗೆ ಬೇಕಾದ ವಿದ್ಯುತ್ತನ್ನು ತಯಾರಿಸಿಕೊಳ್ಳುತ್ತದೆ. ಆ ತಯಾರಿಕೆ ನಡೆಯುವ ಜಾಗವೇ ಫ್ಯೂಯೆಲ್ ಸೆಲ್, ಅಂದರೆ ಇಂಧನ ಕೋಶ.

ಇಂಧನ ಕೋಶವನ್ನು ಬಿಚ್ಚಿ ನೋಡಿದರೆ ಅದರ ನಟ್ಟನಡುವೆ ತಲೆಗೂದಲಿಗಿಂತ ತೆಳುವಾದ, ಪ್ಲಾಸ್ಟಿಕ್ ಹಾಳೆಯಂತೆ ಕಾಣುವ ಒಂದು ಪೊರೆ ಇರುತ್ತದೆ. ಅದರ ಎರಡೂ ಮಗ್ಗುಲಿಗೆ ಪ್ಲಾಟಿನಂನ ಅತಿ ಸಣ್ಣ ಕಣಗಳನ್ನು ಲೇಪಿಸಿರುತ್ತಾರೆ. ಒಂದು ಮಗ್ಗುಲಿಗೆ ಹೈಡ್ರೋಜನ್ನನ್ನೂ ಇನ್ನೊಂದು ಮಗ್ಗುಲಿಗೆ ಗಾಳಿಯನ್ನೂ ಹಾಯಿಸಿದಾಗ, ಪ್ಲಾಟಿನಂಗೆ ತಗುಲಿದ ಹೈಡ್ರೋಜನ್ ಪ್ರೋಟಾನು ಮತ್ತು ಎಲೆಕ್ಟ್ರಾನುಗಳಾಗಿ ಒಡೆಯುತ್ತದೆ. ಪೊರೆಯು ಪ್ರೋಟಾನನ್ನು ಮಾತ್ರ ಒಳಗಿನಿಂದ ದಾಟಲು ಬಿಡುತ್ತದೆ. ಆ ದಾರಿ ಮುಚ್ಚಿರುವುದರಿಂದ ಎಲೆಕ್ಟ್ರಾನು ಹೊರಗಿನ ತಂತಿಯನ್ನು ಹಿಡಿದು ಬಳಸಿಕೊಂಡು ಬರಬೇಕಾಗುತ್ತದೆ, ಮತ್ತು ಆ ಬಳಸುದಾರಿಯಲ್ಲಿ ನಾವು ಮೋಟಾರನ್ನು ಇಟ್ಟಿರುತ್ತೇವೆ. ಆಚೆ ದಡದಲ್ಲಿ ಗಾಳಿಯ ಆಮ್ಲಜನಕ, ಪ್ರೋಟಾನು, ಎಲೆಕ್ಟ್ರಾನು ಮೂರೂ ಸೇರಿ ನೀರಾಗುತ್ತವೆ. ಕೆಲಸ ಮಾಡುತ್ತಿರುವಾಗ ಇಂತಹ ಒಂದು ಕೋಶದಿಂದ ಸಿಗುವುದು ಒಂದು ವೋಲ್ಟಿಗಿಂತ ಕಡಿಮೆ. ಆದ್ದರಿಂದ ನೂರಾರು ಕೋಶಗಳನ್ನು ಒತ್ತೊತ್ತಾಗಿ ಪೇರಿಸುತ್ತಾರೆ; ಟೊಯೊಟಾ ಸಂಸ್ಥೆಯು 2020ರಲ್ಲಿ ಹೊರತಂದ ಎರಡನೆಯ ತಲೆಮಾರಿನ ಮಿರಾಯ್ ಕಾರಿನಲ್ಲಿ 330 ಕೋಶಗಳಿವೆ. ಬ್ರೇಕ್ ಹಾಕಿದಾಗ ಮರಳಿ ಸಿಗುವ ಶಕ್ತಿಯನ್ನು ಹಿಡಿದಿಡಲು ಆ ಕಾರಿನಲ್ಲೂ ಸಣ್ಣದೊಂದು ಬ್ಯಾಟರಿ ಇದ್ದೇ ಇರುತ್ತದೆ.

ಇದು ಹೊಸ ವಿದ್ಯೆ, ಪಳಗಲು ಇನ್ನಷ್ಟು ಕಾಲ ಬೇಕು ಎಂದು ಕೆಲವು ಪತ್ರಗಳಲ್ಲಿ ಬರೆದಿದ್ದೀರಿ. ವಿಲಿಯಂ ಗ್ರೋವ್ ಎಂಬ ಬ್ರಿಟಿಷ್ ವಿಜ್ಞಾನಿ ಇದರ ತತ್ತ್ವವನ್ನು ತೋರಿಸಿಕೊಟ್ಟದ್ದು 1839ರಲ್ಲಿ. ಅಪೊಲೊ ನೌಕೆಗಳಲ್ಲಿ ಚಂದ್ರನತ್ತ ಹೋದವರಿಗೆ ವಿದ್ಯುತ್ತನ್ನು ಒದಗಿಸಿದ್ದು ಇಂಧನ ಕೋಶಗಳೇ, ಮತ್ತು ಅವರು ಕುಡಿದದ್ದು ಆ ಕೋಶಗಳಲ್ಲಿ ಹುಟ್ಟಿದ ನೀರನ್ನೇ. ಜನರಲ್ ಮೋಟಾರ್ಸ್ ಸಂಸ್ಥೆ ಒಂದು ವ್ಯಾನಿಗೆ ಇಂಧನ ಕೋಶ ಜೋಡಿಸಿ ಓಡಿಸಿದ್ದು 1966ರಲ್ಲಿ. ಇತ್ತ ಇಂದಿನ ವಾಹನಗಳಲ್ಲಿರುವ ಲಿಥಿಯಂ ಅಯಾನ್ ಬ್ಯಾಟರಿ ಮೊದಲು ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಇಬ್ಬರಲ್ಲಿ ಕಿರಿಯ ಯಾರು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪ್ರಶ್ನೆ: ತೂಕಕ್ಕೆ ತೂಕ ನೋಡಿದರೆ ಹೈಡ್ರೋಜನ್ನಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರು ಪಟ್ಟು ಶಕ್ತಿಯಿದೆ ಎಂದು ದಶಕಗಳ ಕಾಲ ಮಕ್ಕಳಿಗೆ ಪಾಠ ಹೇಳಿದ್ದೇನೆ. ಬ್ಯಾಟರಿಯಾದರೋ ಕಲ್ಲಿನಂತೆ ಭಾರ. ಹೀಗಿದ್ದೂ ಹೈಡ್ರೋಜನ್ ಕಾರು ಹಿಂದೆ ಬಿದ್ದಿರುವುದೇಕೆ? (ನಿವೃತ್ತ ಭೌತವಿಜ್ಞಾನ ಶಿಕ್ಷಕರು)

ಉತ್ತರ: ಗುರುಗಳೇ, ತಾವು ಕಲಿಸಿದ ಅಂಕಿ ಸರಿಯಾಗಿಯೇ ಇದೆ. ಒಂದು ಕಿಲೋ ಹೈಡ್ರೋಜನ್ನಿನಲ್ಲಿ ಸುಮಾರು 33 ಕಿಲೋವ್ಯಾಟ್ ಗಂಟೆ, ಅಂದರೆ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ 33 ಯೂನಿಟ್ ಶಕ್ತಿಯಿದೆ. ಒಂದು ಕಿಲೋ ಪೆಟ್ರೋಲಿನಲ್ಲಿ ಇರುವುದು ಸುಮಾರು 12 ಯೂನಿಟ್. ಆದರೆ ವಾಹನದಲ್ಲಿ ತೂಕದಷ್ಟೇ ಜಾಗದ ಲೆಕ್ಕವೂ ಬರುತ್ತದೆ. ಸಾಮಾನ್ಯ ಒತ್ತಡದಲ್ಲಿ ಒಂದು ಕಿಲೋ ಹೈಡ್ರೋಜನ್ ಸುಮಾರು 12,000 ಲೀಟರ್ ಜಾಗವನ್ನು ಬೇಡುತ್ತದೆ. ಅದನ್ನು ಕಾರಿನೊಳಗೆ ಹಿಡಿಸಲು ವಾತಾವರಣದ ಒತ್ತಡದ 700 ಪಟ್ಟು ಅದುಮಬೇಕು. ಅಷ್ಟು ಅದುಮಿದ ಮೇಲೂ ಲೀಟರಿಗೆ ಸಿಗುವುದು 40 ಗ್ರಾಂನಷ್ಟು ಅನಿಲ, ಅಂದರೆ 1.3 ಯೂನಿಟ್ ಶಕ್ತಿ. ಪೆಟ್ರೋಲಿನ ಒಂದು ಲೀಟರಿನಲ್ಲಿ ಸುಮಾರು 9 ಯೂನಿಟ್ ಇರುತ್ತದೆ. ಆ ಒತ್ತಡವನ್ನು ತಾಳಿಕೊಳ್ಳಬಲ್ಲ ಕಾರ್ಬನ್ ನಾರಿನ ಸಿಲಿಂಡರುಗಳೂ ಹಗುರವಲ್ಲ. ಮೊದಲ ಮಿರಾಯ್ ಕಾರಿನಲ್ಲಿ 5 ಕಿಲೋ ಹೈಡ್ರೋಜನ್ನನ್ನು ಹೊತ್ತ ಸಿಲಿಂಡರುಗಳು ತಾವೇ 85 ಕಿಲೋಗಿಂತ ಹೆಚ್ಚು ತೂಗುತ್ತಿದ್ದವು.

ಜಾಗದ ತೊಡಕನ್ನು ಬದಿಗಿಟ್ಟರೂ ಇನ್ನೊಂದು ದೊಡ್ಡ ತೊಡಕು ಉಳಿಯುತ್ತದೆ. ಪೆಟ್ರೋಲಿನ ಕಚ್ಚಾವಸ್ತು ನೆಲದಡಿ ಸಿದ್ಧವಾಗಿ ಸಿಗುತ್ತದೆ. ಹೈಡ್ರೋಜನ್ ಹಾಗೆ ಹೇರಳವಾಗಿ ಬಿಡಿಯಾಗಿ ಸಿಗುವ ವಸ್ತುವಲ್ಲ, ನೀರಿನಿಂದಲೋ ನೈಸರ್ಗಿಕ ಅನಿಲದಿಂದಲೋ ಬೇರ್ಪಡಿಸಬೇಕು. ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕಿಲೋ ಹೈಡ್ರೋಜನ್ ತೆಗೆಯಲು ಇಂದಿನ ಯಂತ್ರಗಳು 50ರಿಂದ 55 ಯೂನಿಟ್ ವಿದ್ಯುತ್ತನ್ನು ತೆಗೆದುಕೊಳ್ಳುತ್ತವೆ. ಅದನ್ನು ಅದುಮಲು ಮತ್ತು ತುಂಬುವ ಮುನ್ನ ತಣಿಸಲು ಇನ್ನೂ ಮೂರರಿಂದ ಐದು ಯೂನಿಟ್ ಬೇಕು. ಸಾಗಣೆಯನ್ನು ಲೆಕ್ಕದಿಂದ ಬಿಟ್ಟು ಒಟ್ಟು 58 ಯೂನಿಟ್ ಎಂದು ಹಿಡಿಯೋಣ. ಆ ಒಂದು ಕಿಲೋ ಅನಿಲ ಒಳ್ಳೆಯ ಇಂಧನ ಕೋಶದ ಕಾರನ್ನು ನೂರು, ಹೆಚ್ಚೆಂದರೆ ನೂರಹದಿನೈದು ಕಿಲೋಮೀಟರ್ ಓಡಿಸುತ್ತದೆ. ಅದೇ 58 ಯೂನಿಟ್ಟನ್ನು ನೇರವಾಗಿ ಅಂಥದೇ ಗಾತ್ರದ ಬ್ಯಾಟರಿ ಕಾರಿಗೆ ತುಂಬಿದರೆ, ಚಾರ್ಜ್ ಮಾಡುವಾಗ ಸೋರುವ ಶಕ್ತಿಯನ್ನು ಕಳೆದೂ ಅದು 300 ಕಿಲೋಮೀಟರಿನ ಆಸುಪಾಸು ಓಡುತ್ತದೆ. ಒಂದೇ ಗಾಳಿಯಂತ್ರ ಅಥವಾ ಸೌರಫಲಕದಿಂದ ಹೊರಟ ವಿದ್ಯುತ್ತು ಒಂದು ದಾರಿಯಲ್ಲಿ ಮೂರು ಕಾರುಗಳನ್ನು ಓಡಿಸಿದರೆ ಇನ್ನೊಂದು ದಾರಿಯಲ್ಲಿ ಒಂದನ್ನು ಓಡಿಸುತ್ತದೆ.

ಯಂತ್ರಗಳು ಸುಧಾರಿಸಿದರೆ ಈ ಅಂತರ ಹೋಗುವುದಿಲ್ಲವೇ ಎಂದು ತಾವು ಕೇಳಬಹುದು. ಸ್ವಲ್ಪ ತಗ್ಗುತ್ತದೆ, ಹೋಗುವುದಿಲ್ಲ. ಒಂದಿಷ್ಟೂ ನಷ್ಟವಿಲ್ಲದ ಆದರ್ಶ ಯಂತ್ರವಿದ್ದರೂ ಒಂದು ಕಿಲೋ ಹೈಡ್ರೋಜನ್ನಿಗೆ 39 ಯೂನಿಟ್ಟಿಗಿಂತ ಹೆಚ್ಚು ಶಕ್ತಿಯನ್ನು ತುಂಬಲೇಬೇಕು, ಮತ್ತು ಕಾರಿನೊಳಗಿನ ಇಂಧನ ಕೋಶ ತನಗೆ ಕೊಟ್ಟದ್ದರಲ್ಲಿ ಅರ್ಧವನ್ನೋ ಅದಕ್ಕಿಂತ ತುಸು ಹೆಚ್ಚನ್ನೋ ವಿದ್ಯುತ್ತಾಗಿ ಮರಳಿಸಿ ಉಳಿದದ್ದನ್ನು ಬಿಸಿಯಾಗಿ ಹೊರಚೆಲ್ಲುತ್ತದೆ. ನೀರನ್ನು ಒಡೆದು ಮತ್ತೆ ನೀರಾಗಿಸುವ ಪ್ರತಿ ಸುತ್ತಿನಲ್ಲೂ ಈ ತೆರಿಗೆಯನ್ನು ಕಟ್ಟಬೇಕು. ಗಾಳಿ ಬಿಸಿಲು ಮಿತಿಮೀರಿ ಇರುವ ಹೊತ್ತಿನ ಹೆಚ್ಚುವರಿ ವಿದ್ಯುತ್ತಿನಿಂದ ಹೈಡ್ರೋಜನ್ ಮಾಡಿದರೆ ನಷ್ಟದ ಪ್ರಶ್ನೆ ಎಲ್ಲಿ ಬಂತು ಎಂಬ ವಾದವೂ ಇದೆ. ಆ ವಾದದಲ್ಲಿ ಸತ್ಯಾಂಶವಿದೆ. ಆದರೆ ವರ್ಷದಲ್ಲಿ ಕೆಲವೇ ಗಂಟೆ ಓಡಿ ಉಳಿದ ಹೊತ್ತು ಸುಮ್ಮನೆ ನಿಲ್ಲುವ ದುಬಾರಿ ಯಂತ್ರದಿಂದ ಅಗ್ಗದ ಹೈಡ್ರೋಜನ್ ಹುಟ್ಟುವುದು ಕಷ್ಟ.

ಪ್ರಶ್ನೆ: ಕಾರು ಕೊಳ್ಳಬೇಕೆಂದಿದ್ದೇನೆ. ಚಾರ್ಜ್ ಆಗಲು ಕಾಯಬೇಕಲ್ಲ ಎಂಬ ಅಳುಕಿನಿಂದ, ಐದೇ ನಿಮಿಷದಲ್ಲಿ ತುಂಬುವ ಹೈಡ್ರೋಜನ್ ಕಾರು ಬರುವವರೆಗೆ ತಡೆಯೋಣವೇ ಎಂದು ಯೋಚಿಸುತ್ತಿದ್ದೇನೆ. (ಬ್ಯಾಂಕ್ ಉದ್ಯೋಗಿ)

ಉತ್ತರ: ತಡೆಯಬೇಡಿ. ಇಷ್ಟು ನೇರವಾಗಿ ಹೇಳಲು ಕಾರಣವಿದೆ. 2024ರಲ್ಲಿ ಜಗತ್ತಿನಾದ್ಯಂತ ಮಾರಾಟವಾದ ಎಲೆಕ್ಟ್ರಿಕ್ ಕಾರುಗಳು, ಚಾರ್ಜ್ ಮಾಡಬಲ್ಲ ಬ್ಯಾಟರಿಯ ಜೊತೆ ಎಂಜಿನ್ನೂ ಇರುವ ಪ್ಲಗ್ ಇನ್ ಹೈಬ್ರಿಡ್‌ಗಳೂ ಸೇರಿ, 1 ಕೋಟಿ 70 ಲಕ್ಷಕ್ಕೂ ಹೆಚ್ಚು. ಮಾರಾಟವಾದ ಪ್ರತಿ ಐದು ಕಾರುಗಳಲ್ಲಿ ಒಂದಕ್ಕಿಂತ ಹೆಚ್ಚು ಅಂಥದು. ಚಳಿಗೆ ಹೆಸರಾದ ನಾರ್ವೆಯಲ್ಲಿ ಆ ವರ್ಷ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ 89ರಷ್ಟು ಬ್ಯಾಟರಿ ಕಾರುಗಳೇ ಆಗಿದ್ದವು. ಇಂಧನ ಕೋಶದ ಕಾರುಗಳಾದರೋ, ಮಿರಾಯ್ ಮಾರುಕಟ್ಟೆಗೆ ಬಂದ 2014ರಿಂದ ಹತ್ತು ವರ್ಷ ಕಳೆದರೂ, ಬಸ್ಸು ಲಾರಿಗಳನ್ನು ಕೂಡಿಸಿಕೊಂಡೂ ಇಡೀ ಜಗತ್ತಿನಲ್ಲಿ ಒಂದು ಲಕ್ಷದ ಆಸುಪಾಸಿನಲ್ಲೇ ಉಳಿದಿವೆ. ಹೋಂಡಾ ತನ್ನ ಕ್ಲ್ಯಾರಿಟಿ ಇಂಧನ ಕೋಶದ ಕಾರಿನ ತಯಾರಿಕೆಯನ್ನು 2021ರಲ್ಲಿ ನಿಲ್ಲಿಸಿತು. ಕ್ಯಾಲಿಫೋರ್ನಿಯಾದಲ್ಲಿ ಶೆಲ್ ಸಂಸ್ಥೆ ಕಾರುಗಳಿಗೆಂದು ನಡೆಸುತ್ತಿದ್ದ ಹೈಡ್ರೋಜನ್ ಬಂಕ್‌ಗಳನ್ನು 2024ರಲ್ಲಿ ಮುಚ್ಚಿತು. ಟೊಯೊಟಾ, ಹ್ಯುಂಡೈ ಇನ್ನೂ ಕೈಬಿಟ್ಟಿಲ್ಲ, ಬಿಎಂಡಬ್ಲ್ಯು 2028ಕ್ಕೆ ಒಂದು ಕಾರನ್ನು ತರುವುದಾಗಿ ಹೇಳಿದೆ, ನಿಜ. ಕಾರು ಬಂದರೂ ಅದಕ್ಕೆ ಅನಿಲ ತುಂಬುವ ಬಂಕ್ ಬೇಕಲ್ಲ. ಕಾರುಗಳಿಲ್ಲದೆ ಬಂಕ್ ನಡೆಯದು, ಬಂಕ್ ಇಲ್ಲದೆ ಕಾರನ್ನು ಯಾರೂ ಕೊಳ್ಳರು. ಬ್ಯಾಟರಿ ಕಾರಿಗೆ ಈ ಬಿಕ್ಕಟ್ಟು ಅಷ್ಟು ಕಾಡಲಿಲ್ಲ, ಏಕೆಂದರೆ ವಿದ್ಯುತ್ ತಂತಿ ಮೊದಲೇ ಮನೆಮನೆಗೂ ಬಂದಿತ್ತು.

ಐದು ನಿಮಿಷದ ಮಾತಿಗೂ ಒಂದು ಹಿನ್ನೆಲೆಯಿದೆ. ಒತ್ತಡದಿಂದ ನುಗ್ಗುವ ಅನಿಲ ಸಿಲಿಂಡರಿನೊಳಗೆ ಬಿಸಿಯೇರುವುದರಿಂದ ಅದನ್ನು ಮೊದಲೇ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೆ ತಣಿಸಿ ಬಿಡುತ್ತಾರೆ. ನಳಿಕೆಯನ್ನು ಕಾರಿನ ಬಾಯಿಗೆ ಸಿಕ್ಕಿಸಿ ಕೊಂಡಿ ಹಾಕಿದ ಕೆಲವೇ ನಿಮಿಷಗಳಲ್ಲಿ ಲೋಹದ ಮೇಲೆ ಬಿಳಿಯ ಹಿಮದ ಪದರ ಕಟ್ಟತೊಡಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ಹಿಮವೇ ನಳಿಕೆಯನ್ನು ಕಾರಿಗೆ ಅಂಟಿಸಿಬಿಡುವುದುಂಟು. ಅದು ಕರಗಿ ಬಿಡುವವರೆಗೆ ಚಾಲಕರು ಕಾಯಬೇಕು. ಒಂದರ ಹಿಂದೊಂದು ಕಾರುಗಳು ಬಂದರೆ, ಬಂಕಿನ ಸಂಗ್ರಹದಲ್ಲಿ ಒತ್ತಡ ಮತ್ತೆ ಏರುವವರೆಗೆ ಹಿಂದಿನವರೂ ಕಾಯಬೇಕಾಗುತ್ತದೆ.

ಬ್ಯಾಟರಿ ಕಾರಿಗೆ ತೊಂದರೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ವಾಹನ ನಿಲ್ಲಿಸುವ ಜಾಗದಲ್ಲಿ ಪ್ಲಗ್ ಹಾಕಲು ಅನುಕೂಲವಿಲ್ಲದವರಿಗೆ ಅದು ಇಂದಿಗೂ ಕಿರಿಕಿರಿಯೇ ಆಗಿದೆ, ಮತ್ತು ಕೊರೆವ ಚಳಿಯಲ್ಲಿ ಓಡುವ ದೂರ ಕಾಲುಭಾಗದಷ್ಟು ಕುಗ್ಗುವುದು ಸಾಮಾನ್ಯ. ನಿಮಗೆ ರಾತ್ರಿ ಪ್ಲಗ್ ಹಾಕಿ ಮಲಗುವ ಅನುಕೂಲವಿದೆಯೇ ಎಂಬುದೇ ನಿಮ್ಮ ತೀರ್ಮಾನದ ಮುಖ್ಯ ಅಂಶವಾಗಲಿ. ಇದ್ದರೆ, ವೇಗದ ಚಾರ್ಜರ್ ಮುಂದೆ ಅರ್ಧ ಗಂಟೆ ಕೂರುವ ಪ್ರಸಂಗ ದೂರದ ಪ್ರಯಾಣದಲ್ಲಷ್ಟೇ ಬರುತ್ತದೆ.

ಪ್ರಶ್ನೆ: ಕೊಳವೆಯಿಂದ ನೀರಷ್ಟೇ ಬರುವ ವಾಹನಕ್ಕಿಂತ ಸ್ವಚ್ಛವಾದುದು ಇನ್ನೇನಿದೆ? (ಗೃಹಿಣಿ)

ಉತ್ತರ: ಕೊಳವೆಯ ತುದಿಯನ್ನಷ್ಟೇ ನೋಡಿದರೆ ನಿಮ್ಮ ಮಾತು ಸರಿ. ಆದರೆ ಇಂದು ಜಗತ್ತಿನಲ್ಲಿ ವರ್ಷಕ್ಕೆ ತಯಾರಾಗುವ ಒಂಬತ್ತೂವರೆ ಕೋಟಿ ಟನ್ನಿನ ಆಸುಪಾಸಿನ ಹೈಡ್ರೋಜನ್ನಿನಲ್ಲಿ ಇಂಗಾಲದ ಹೊರೆ ಕಡಿಮೆಯಿರುವುದು ನೂರಕ್ಕೆ ಒಂದರಷ್ಟೂ ಇಲ್ಲ. ಉಳಿದದ್ದರಲ್ಲಿ ಬಹುಪಾಲು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ಬರುತ್ತದೆ. ನೈಸರ್ಗಿಕ ಅನಿಲದಿಂದ ಒಂದು ಕಿಲೋ ಹೈಡ್ರೋಜನ್ ತೆಗೆದಾಗ ಒಂಬತ್ತರಿಂದ ಹತ್ತು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆ ಒಂದು ಕಿಲೋದಲ್ಲಿ ಕಾರು ನೂರು ಕಿಲೋಮೀಟರ್ ಓಡಿತೆಂದರೆ, ಕಿಲೋಮೀಟರಿಗೆ 90ರಿಂದ 100 ಗ್ರಾಂ ಆಯಿತು. ಮಿತವ್ಯಯದ ಪೆಟ್ರೋಲ್ ಹೈಬ್ರಿಡ್ ಕಾರಿನ ಕೊಳವೆಯಿಂದ ಬರುವುದೂ ಹೆಚ್ಚುಕಡಿಮೆ ಅಷ್ಟೇ. ಹೊಗೆ ಇಲ್ಲವಾಗಲಿಲ್ಲ, ಬೇರೆಯವರ ಅಂಗಳಕ್ಕೆ ಹೋಯಿತು. ಬ್ಯಾಟರಿ ವಾಹನಕ್ಕೂ ಇದೇ ಪ್ರಶ್ನೆಯನ್ನು ಕೇಳಬೇಕು. ಕಲ್ಲಿದ್ದಲಿನ ವಿದ್ಯುತ್ತಿನಿಂದ ಓಡುವ ಬ್ಯಾಟರಿ ಕಾರೂ ನಿರ್ಮಲವಲ್ಲ. ಆದರೆ ವಿದ್ಯುತ್ ಜಾಲದಲ್ಲಿ ಬಿಸಿಲು ಗಾಳಿಯ ಪಾಲು ಹೆಚ್ಚಿದಂತೆ, ಈಗಾಗಲೇ ರಸ್ತೆಯಲ್ಲಿರುವ ಹಳೆಯ ಬ್ಯಾಟರಿ ಕಾರು ಕೂಡ ತಾನಾಗಿಯೇ ಸ್ವಚ್ಛವಾಗುತ್ತ ಹೋಗುತ್ತದೆ.

ಪ್ರಶ್ನೆ: ಬ್ಯಾಟರಿಗೆ ಬೆಂಕಿ ಬಿದ್ದರೆ ಆರಿಸುವುದು ಕಷ್ಟ ಎನ್ನುತ್ತಾರೆ. ಹೈಡ್ರೋಜನ್ ಎಂದರೆ ಬಾಂಬ್ ಎನ್ನುತ್ತಾರೆ. ಯಾವುದಕ್ಕೆ ಹೆಚ್ಚು ಹೆದರಬೇಕು? (ಅಗ್ನಿಶಾಮಕ ಸಿಬ್ಬಂದಿಯೊಬ್ಬರ ಮಗ)

ಉತ್ತರ: ಎರಡರ ಸ್ವಭಾವವೂ ಬೇರೆ. ಲಿಥಿಯಂ ಬ್ಯಾಟರಿಯ ಒಂದು ಕೋಶ ಒಳಗೇ ಕೆಟ್ಟು ಕಾದರೆ ಆ ಬಿಸಿ ಪಕ್ಕದ ಕೋಶಕ್ಕೆ, ಅಲ್ಲಿಂದ ಮುಂದಿನದಕ್ಕೆ ದಾಟುತ್ತ ಹೋಗುತ್ತದೆ. ಬೆಂಕಿ ಹೊರಗೆ ಆರಿದಂತೆ ಕಂಡು ಗಂಟೆಗಳ ಬಳಿಕ ಮತ್ತೆ ಹೊತ್ತಿಕೊಳ್ಳುವುದುಂಟು. ಹಾಗಾಗಿ ನಿಮ್ಮ ತಂದೆಯಂಥವರು ಬಹಳ ನೀರು ಸುರಿಯಬೇಕಾಗುತ್ತದೆ, ಬಹಳ ಹೊತ್ತು ಕಾವಲಿರಬೇಕಾಗುತ್ತದೆ. ಆದರೆ ಸ್ವೀಡನ್ನಿನಂಥ ದೇಶಗಳು ಇಟ್ಟಿರುವ ದಾಖಲೆಗಳನ್ನು ನೋಡಿದರೆ, ಬ್ಯಾಟರಿ ಕಾರಿಗೆ ಬೆಂಕಿ ಬೀಳುವ ಪ್ರಮಾಣ ಪೆಟ್ರೋಲ್, ಡೀಸೆಲ್ ಕಾರುಗಳಿಗಿಂತ ಸಾಕಷ್ಟು ಕಡಿಮೆ.

ಹೈಡ್ರೋಜನ್ನಿನ ಗುಣದೋಷಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅದು ಗಾಳಿಗಿಂತ ಹದಿನಾಲ್ಕು ಪಟ್ಟು ಹಗುರ, ಆದ್ದರಿಂದ ಬಯಲಿನಲ್ಲಿ ಸೋರಿದರೆ ನೆಲದ ಮೇಲೆ ಹರಡದೆ ಸರ್ರನೆ ಮೇಲೇರಿ ಚದುರಿಬಿಡುತ್ತದೆ. ಮುಚ್ಚಿದ ಜಾಗದಲ್ಲಿ ಮಾತ್ರ ಅದೇ ಹಗುರತನ ಅದನ್ನು ಸೂರಿನಡಿ ಶೇಖರಿಸುತ್ತದೆ. ಗಾಳಿಯಲ್ಲಿ ನೂರಕ್ಕೆ 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿ ಬೆರೆತಿದ್ದರೂ ಹೊತ್ತಿಕೊಳ್ಳಬಲ್ಲದು, ಬಟ್ಟೆ ಉಜ್ಜಿದಾಗ ಹುಟ್ಟುವ ಸಣ್ಣ ಕಿಡಿಯೂ ಅದಕ್ಕೆ ಸಾಕು, ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲವೆನ್ನಬಹುದು. ಕಾರಿನ ಸಿಲಿಂಡರುಗಳನ್ನು ಗುಂಡು ಹೊಡೆದು, ಬೆಂಕಿಗಿಟ್ಟು ಪರೀಕ್ಷಿಸಿರುತ್ತಾರೆ. ಅವುಗಳ ಬಗ್ಗೆ ನನಗೆ ಹೆಚ್ಚಿನ ಆತಂಕವಿಲ್ಲ. ಆತಂಕ ಇರುವುದು ಬಂಕ್‌ಗಳ ಬಗ್ಗೆ. 2019ರ ಜೂನ್‌ನಲ್ಲಿ ನಾರ್ವೆಯ ಓಸ್ಲೊ ಸಮೀಪದ ಒಂದು ಹೈಡ್ರೋಜನ್ ಬಂಕ್ ಸ್ಫೋಟಿಸಿತು. ಅಧಿಕ ಒತ್ತಡದ ತೊಟ್ಟಿಯೊಂದರ ಬಿರಡೆಯ ಬೋಲ್ಟ್‌ಗಳನ್ನು ಜೋಡಣೆಯ ವೇಳೆ ಸರಿಯಾಗಿ ಬಿಗಿದಿರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಿತ್ತು. ಯಾರೂ ಸಾಯಲಿಲ್ಲ, ಆದರೆ ಇಬ್ಬರು ತಯಾರಕರು ಆ ದೇಶದಲ್ಲಿ ಇಂಧನ ಕೋಶದ ಕಾರುಗಳ ಮಾರಾಟವನ್ನು ಕೆಲಕಾಲ ತಡೆಹಿಡಿದರು. ಜಗತ್ತಿನ ಅತ್ಯಂತ ಸಣ್ಣ ಅಣು ಇದು. ಬೋಲ್ಟಿನ ಬಿಗಿತದಲ್ಲಿ ಆಗುವ ಅಲ್ಪ ತಪ್ಪನ್ನೂ ಹುಡುಕಿ ಹೊರಬರುತ್ತದೆ. ತರಬೇತಾದ ಕೆಲಸಗಾರರಿರುವ ಕಾರ್ಖಾನೆಯೊಳಗೆ ಇದನ್ನು ನಿಭಾಯಿಸುವುದು ಸಾಧ್ಯ, ದಶಕಗಳಿಂದ ನಿಭಾಯಿಸುತ್ತಲೂ ಇದ್ದಾರೆ. ಸಾವಿರಾರು ರಸ್ತೆಬದಿಗಳಲ್ಲಿ ಅಷ್ಟೇ ಶಿಸ್ತನ್ನು ಕಾಯ್ದುಕೊಳ್ಳುವುದು ಬೇರೆಯೇ ಸವಾಲು.

ಪ್ರಶ್ನೆ: ಕಾರಿನ ಮಾತು ಬಿಡಿ. ಮೂವತ್ತು ನಲವತ್ತು ಟನ್ ಹೊತ್ತು ದಿನವಿಡೀ ಓಡುವ ಲಾರಿಗೆ ಬ್ಯಾಟರಿ ಸಾಕಾಗುತ್ತದೆಯೇ? ಲಾರಿ, ಬಸ್ಸು, ರೈಲುಗಳಿಗಾದರೂ ಹೈಡ್ರೋಜನ್ ಬೇಕಲ್ಲವೇ? (ಸರಕು ಸಾಗಣೆ ಉದ್ಯಮಿ)

ಉತ್ತರ: ಹತ್ತು ವರ್ಷಗಳ ಹಿಂದೆ ಕೇಳಿದ್ದರೆ ಹೌದು, ಅಲ್ಲಿ ಹೈಡ್ರೋಜನ್ನೇ ಬೇಕು ಎಂದು ನಾನೂ ಬರೆಯುತ್ತಿದ್ದೆ. ಈಗ ಹಾಗೆ ಬರೆಯಲು ಮನಸ್ಸು ಒಪ್ಪುವುದಿಲ್ಲ, ಮತ್ತು ಅದಕ್ಕೆ ಕಾರಣವಾದ ಬೆಳವಣಿಗೆಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಬಸ್ಸಿನಿಂದ ಆರಂಭಿಸೋಣ. ಫ್ರಾನ್ಸಿನ ಮಾಂಪೆಲಿಯೆ ನಗರ 51 ಹೈಡ್ರೋಜನ್ ಬಸ್ಸುಗಳನ್ನು ಕೊಳ್ಳಲು ಹೊರಟು, 2022ರ ಆರಂಭದಲ್ಲಿ ಯೋಜನೆಯನ್ನು ಕೈಬಿಟ್ಟು ಬ್ಯಾಟರಿ ಬಸ್ಸುಗಳತ್ತ ತಿರುಗಿತು. ಕಿಲೋಮೀಟರಿಗೆ ಹೈಡ್ರೋಜನ್ನಿಗಾದರೆ 95 ಯೂರೋ ಸೆಂಟ್, ವಿದ್ಯುತ್ತಿಗಾದರೆ 15 ಸೆಂಟ್ ಎಂಬುದು ನಗರದ ಲೆಕ್ಕವಾಗಿತ್ತು. ರೈಲಿನ ಕಥೆಯೂ ಹೀಗೆಯೇ ಇದೆ. ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ ಹೈಡ್ರೋಜನ್ನಿನಿಂದ ಓಡುವ ಪ್ರಯಾಣಿಕರ ರೈಲು 2018ರಲ್ಲಿ ಸೇವೆಗೆ ಇಳಿದಾಗ ಅದು ಜಗತ್ತಿಗೇ ಮೊದಲನೆಯದು ಎಂಬ ಹೆಗ್ಗಳಿಕೆ ಪಡೆಯಿತು. ಅದೇ ರಾಜ್ಯದ ಸಾರಿಗೆ ಸಂಸ್ಥೆ 2023ರಲ್ಲಿ, ಉಳಿದ ಡೀಸೆಲ್ ರೈಲುಗಳ ಜಾಗಕ್ಕೆ ಬ್ಯಾಟರಿ ರೈಲುಗಳನ್ನು ತರುವುದಾಗಿಯೂ, ಅವುಗಳ ನಿರ್ವಹಣೆಯೇ ಅಗ್ಗವೆಂದೂ ತಿಳಿಸಿತು. ಹೈಡ್ರೋಜನ್ನನ್ನು ದ್ವೇಷಿಸುವವರ ತೀರ್ಮಾನ ಇದಾಗಿರಲಿಲ್ಲ. ಕೈಯಾರೆ ಓಡಿಸಿ ನೋಡಿದವರ ತೀರ್ಮಾನ. ಅದಕ್ಕೇ ನಾನು ಇದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ.

ಲಾರಿಯಲ್ಲಿ ಪೈಪೋಟಿ ಇನ್ನೂ ಮುಗಿದಿಲ್ಲ. ಮರ್ಸಿಡಿಸ್ ಬೆಂಜ್ ಸಂಸ್ಥೆಯ ಇ-ಆಕ್ಟ್ರೋಸ್ 600 ಲಾರಿಯಲ್ಲಿ 621 ಯೂನಿಟ್ ಹಿಡಿಯುವ ಬ್ಯಾಟರಿಯಿದ್ದು, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 500 ಕಿಲೋಮೀಟರ್ ಓಡುತ್ತದೆ. ಯುರೋಪಿನ ಕಾಯಿದೆಯಂತೆ ಲಾರಿ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಬಳಿಕ 45 ನಿಮಿಷ ಬಿಡುವು ಪಡೆಯಲೇಬೇಕು. ಗಂಟೆಗೆ 80 ಕಿಲೋಮೀಟರ್ ಹಿಡಿದರೂ ಅಷ್ಟರಲ್ಲಿ ಲಾರಿ ಓಡಿರುವುದು 360 ಕಿಲೋಮೀಟರ್. ಚಾಲಕ ಊಟ ಮಾಡುವ ಹೊತ್ತಿನಲ್ಲೇ ಮೆಗಾವ್ಯಾಟ್ ಸಾಮರ್ಥ್ಯದ ಚಾರ್ಜರ್ ಉಳಿದ ದಿನಕ್ಕೆ ಬೇಕಾದಷ್ಟನ್ನು ತುಂಬಬಲ್ಲದು. ಅಂದರೆ ಒಂದೇ ದಮ್ಮಿಗೆ ಸಾವಿರ ಕಿಲೋಮೀಟರ್ ಓಡಬೇಕಾದ ಲಾರಿ ಬಹುತೇಕ ಕಡೆ ಬೇಕಿಲ್ಲ. ಬೇಕಾದ ಕಡೆ ಹೈಡ್ರೋಜನ್ ತನ್ನ ಶಕ್ತಿಯನ್ನು ತೋರಿಸಿದೆ. ಆ ಲಾರಿಯ ತಯಾರಕರೇ ಆದ ಡೈಮ್ಲರ್ ಟ್ರಕ್ ಸಂಸ್ಥೆಯ ಪ್ರಯೋಗದ ಲಾರಿ 2023ರ ಸೆಪ್ಟೆಂಬರ್‌ನಲ್ಲಿ ಒಮ್ಮೆ ತುಂಬಿಸಿದ ದ್ರವ ಹೈಡ್ರೋಜನ್ನಿನಲ್ಲಿ 1,047 ಕಿಲೋಮೀಟರ್ ಓಡಿತು. ಆದರೆ ಹೈಡ್ರೋಜನ್ನನ್ನು ದ್ರವವಾಗಿಸಲು ಸೊನ್ನೆಗಿಂತ 253 ಡಿಗ್ರಿ ಕೆಳಗಿನವರೆಗೆ ತಣಿಸಬೇಕು, ಮತ್ತು ಅದಕ್ಕೆ ಅದರಲ್ಲಿರುವ ಶಕ್ತಿಯ ಮೂರನೆಯ ಒಂದು ಭಾಗದಷ್ಟನ್ನು ತೆರಬೇಕಾಗುತ್ತದೆ. ಹೈಡ್ರೋಜನ್ ಲಾರಿಗಳನ್ನೇ ನಂಬಿ ಬೆಳೆದ ಅಮೆರಿಕದ ನಿಕೋಲಾ ಸಂಸ್ಥೆ 2025ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು.

ತಮ್ಮ ವ್ಯವಹಾರದ ಮಟ್ಟಿಗೆ ನಾನು ಹೇಳಬಹುದಾದದ್ದು ಇಷ್ಟು. ತಮ್ಮ ಲಾರಿಗಳು ದಿನಕ್ಕೆ ಎಷ್ಟು ದೂರ ಓಡುತ್ತವೆ, ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತವೆ ಎಂಬುದನ್ನು ಒಂದು ತಿಂಗಳು ಬರೆದಿಡಿ. ಸಂಜೆ ಒಂದೇ ಡಿಪೋಗೆ ಮರಳುವ ಲಾರಿಗಳೇ ಹೆಚ್ಚಿದ್ದರೆ ಬ್ಯಾಟರಿ ಲಾರಿಗಳನ್ನು ಅಲ್ಲಿಂದಲೇ ಆರಂಭಿಸಬಹುದು. ವಿದ್ಯುತ್ ಜಾಲವೇ ತಲುಪದ ಗಣಿ, ವಾರಗಟ್ಟಲೆ ನಿಲ್ಲದೆ ಓಡುವ ದೂರದ ದಾರಿ, ತೂಕದ ಒಂದೊಂದು ಕಿಲೋವನ್ನೂ ಲೆಕ್ಕ ಹಾಕಬೇಕಾದ ಸರಕು, ಇಂಥ ಕಡೆ ಇಂಧನ ಕೋಶಕ್ಕೆ ಇನ್ನೂ ಅವಕಾಶವಿದೆ ಎಂದು ನನ್ನ ಅನಿಸಿಕೆ. ವರ್ಷದಿಂದ ವರ್ಷಕ್ಕೆ ಆ ಅವಕಾಶದ ಅಗಲ ಕಿರಿದಾಗುತ್ತಿರುವುದನ್ನೂ ಮುಚ್ಚಿಡಲಾರೆ.

ಪ್ರಶ್ನೆ: ಇಂಧನ ಕೋಶ ಬೇಡ, ಹೈಡ್ರೋಜನ್ನನ್ನು ನೇರವಾಗಿ ಎಂಜಿನ್ನಿನಲ್ಲೇ ಉರಿಸಬಾರದೇ? (ಮೆಕ್ಯಾನಿಕ್)

ಉತ್ತರ: ಉರಿಸಬಹುದು. ಟೊಯೊಟಾ 2021ರಿಂದ ರೇಸ್ ಕಾರಿನಲ್ಲಿ ಅದನ್ನು ಮಾಡಿ ತೋರಿಸುತ್ತಿದೆ. ಆದರೆ ಎಂಜಿನ್ನಿನ ದಕ್ಷತೆ ಇಂಧನ ಕೋಶಕ್ಕಿಂತಲೂ ಕಡಿಮೆ, ಆದ್ದರಿಂದ ಮೇಲೆ ಹೇಳಿದ ನಷ್ಟ ಇನ್ನೂ ಹೆಚ್ಚುತ್ತದೆ. ಗಾಳಿಯಲ್ಲಿರುವ ಸಾರಜನಕ ಆ ಬಿಸಿಯಲ್ಲಿ ಆಮ್ಲಜನಕದೊಡನೆ ಕೂಡುವುದರಿಂದ ಸಾರಜನಕದ ಆಕ್ಸೈಡುಗಳೂ ಹೊರಬರುತ್ತವೆ.

ಪ್ರಶ್ನೆ: ಎಂಟು ಹತ್ತು ವರ್ಷದಲ್ಲಿ ಬ್ಯಾಟರಿ ಸತ್ತುಹೋದರೆ ಅದು ಕಸವೇ ತಾನೆ? ಲಿಥಿಯಂ, ಕೋಬಾಲ್ಟ್ ಅಗೆಯುವುದರಿಂದ ಆಗುವ ಹಾನಿಯನ್ನು ಯಾರೂ ಹೇಳುವುದಿಲ್ಲ. (ಪರಿಸರ ಕಾರ್ಯಕರ್ತೆ)

ಉತ್ತರ: ಹೇಳಲೇಬೇಕಾದ ವಿಷಯವಿದು. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟ್‌ನಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದಿಂದ ಬರುತ್ತದೆ, ಮತ್ತು ಅಲ್ಲಿನ ಸಣ್ಣ ಗಣಿಗಳಲ್ಲಿ ಮಕ್ಕಳು ದುಡಿಯುತ್ತಿರುವುದು ಮತ್ತೆ ಮತ್ತೆ ವರದಿಯಾಗಿದೆ. ಈ ನೋವನ್ನು ಸಣ್ಣದು ಮಾಡಿ ಹೇಳುವ ಹಕ್ಕು ಯಾರಿಗೂ ಇಲ್ಲ. ಅದರ ಜೊತೆಗೇ ಹೇಳಬೇಕಾದದ್ದು, ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಗಳಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ಹೊಸ ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿ ಮಾರುಕಟ್ಟೆಯಲ್ಲಿ ಈಗ ಅರ್ಧದ ಸಮೀಪದಷ್ಟು ಪಾಲು ಅವುಗಳದ್ದೇ. ಲಿಥಿಯಂ ಮಾತ್ರ ಎಲ್ಲದರಲ್ಲೂ ಇದೆ. ದೊಡ್ಡ ಕಾರಿನ ಬ್ಯಾಟರಿಗೂ ಅದು ಬೇಕಾಗುವುದು ಹತ್ತು ಕಿಲೋದ ಆಸುಪಾಸು, ಮತ್ತು ಪೆಟ್ರೋಲಿನಂತೆ ಅದು ಉರಿದು ಹೋಗುವುದಿಲ್ಲ. ಹತ್ತು ವರ್ಷದ ಬಳಿಕವೂ ಅದು ಆ ಪೆಟ್ಟಿಗೆಯೊಳಗೇ ಇರುತ್ತದೆ, ತೆಗೆದು ಮತ್ತೆ ಬಳಸಬಹುದು.

ಬ್ಯಾಟರಿ ಎಂಟು ವರ್ಷಕ್ಕೆ ಸಾಯುತ್ತದೆ ಎಂಬ ಮಾತು ಹುಟ್ಟಿದ್ದು ತಯಾರಕರ ವಾರಂಟಿಯಿಂದ. ಎಂಟು ವರ್ಷ ಅಥವಾ 1,60,000 ಕಿಲೋಮೀಟರಿನೊಳಗೆ ಸಾಮರ್ಥ್ಯ ನೂರಕ್ಕೆ 70ಕ್ಕಿಂತ ಕೆಳಗಿಳಿದರೆ ಬದಲಿಸಿಕೊಡುತ್ತೇವೆ ಎಂಬುದು ಸಾಮಾನ್ಯವಾದ ಒಪ್ಪಂದ. ಅದು ಆಯುಷ್ಯದ ಕೊನೆಯ ಗೆರೆಯಲ್ಲ. ವಾಹನಕ್ಕೆ ಸಾಲದಾದ ಬ್ಯಾಟರಿ ಸೌರವಿದ್ಯುತ್ತನ್ನು ಕೂಡಿಡುವ ಕೆಲಸಕ್ಕೆ ಇನ್ನೂ ಕೆಲವು ವರ್ಷ ಒದಗುತ್ತದೆ. ಮರುಬಳಕೆಯ ಕಾರ್ಖಾನೆಗಳು ಸಾಕಷ್ಟು ಇಲ್ಲವೆಂಬುದು ನಿಜವಾದ ಕೊರತೆ, ಅದಕ್ಕಾಗಿ ಒತ್ತಾಯಿಸುವ ತಮ್ಮಂಥವರು ಬೇಕು. ಅಂದಹಾಗೆ, ಇಂಧನ ಕೋಶಕ್ಕೆ ಪ್ಲಾಟಿನಂ ಬೇಕು, ನೀರನ್ನು ಒಡೆಯುವ ಕೆಲವು ಬಗೆಯ ಯಂತ್ರಗಳಿಗೆ ಪ್ಲಾಟಿನಂಗಿಂತಲೂ ಬಹಳ ವಿರಳವಾದ ಇರಿಡಿಯಂ ಬೇಕು. ಗಣಿಯ ಋಣದಿಂದ ಹೈಡ್ರೋಜನ್ನೂ ಮುಕ್ತವಾಗಿಲ್ಲ.

ಪ್ರಶ್ನೆ: ಹಾಗಾದರೆ ಬಿಸಿಲು ಗಾಳಿಯ ವಿದ್ಯುತ್ತಿನಿಂದ ನೀರನ್ನು ಒಡೆದು ಮಾಡುವ ಹಸಿರು ಹೈಡ್ರೋಜನ್ನಿನ ಯೋಜನೆಗಳೆಲ್ಲ ವ್ಯರ್ಥವೇ? (ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ)

ಉತ್ತರ: ಖಂಡಿತ ಇಲ್ಲ, ಮತ್ತು ಈ ಅಂಕಣದಿಂದ ಆ ಅಭಿಪ್ರಾಯ ಮೂಡಿದರೆ ನನಗೆ ನೋವಾಗುತ್ತದೆ. ರಸಗೊಬ್ಬರಕ್ಕೆ ಬೇಕಾದ ಅಮೋನಿಯಾವನ್ನು ಹೈಡ್ರೋಜನ್ ಇಲ್ಲದೆ ತಯಾರಿಸಲಾಗದು. ಅಲ್ಲಿ ಬ್ಯಾಟರಿ ಪರ್ಯಾಯವೇ ಅಲ್ಲ. ಕಬ್ಬಿಣದ ಅದಿರಿನಿಂದ ಆಮ್ಲಜನಕವನ್ನು ಕೀಳಲು ಕಲ್ಲಿದ್ದಲಿನ ಬದಲು ಹೈಡ್ರೋಜನ್ನನ್ನು ಬಳಸಬಹುದೆಂದು ಸ್ವೀಡನ್ನಿನ ಹೈಬ್ರಿಟ್ ಯೋಜನೆ ತೋರಿಸಿಕೊಟ್ಟಿದ್ದು, ಹಾಗೆ ತಯಾರಾದ ಉಕ್ಕು 2021ರಲ್ಲಿ ಮೊದಲ ಗ್ರಾಹಕರ ಕೈ ಸೇರಿತು. ಇವು ಜಗತ್ತಿನ ಇಂಗಾಲದ ಲೆಕ್ಕದಲ್ಲಿ ಬಹಳ ದೊಡ್ಡ ಬಾಬತ್ತುಗಳು. ಸ್ವಚ್ಛ ಹೈಡ್ರೋಜನ್ ಒಟ್ಟು ತಯಾರಿಕೆಯಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆಯಿರುವಾಗ, ಅಷ್ಟೇ ವಿದ್ಯುತ್ತಿನಲ್ಲಿ ಮೂರು ಪಟ್ಟು ದೂರ ಓಡಿಸುವ ದಾರಿ ಕಣ್ಣೆದುರಿರುವ ಕಾರಿನಲ್ಲಿ ಅದನ್ನು ಖರ್ಚು ಮಾಡುವುದು ಬಿತ್ತನೆ ಬೀಜವನ್ನು ಹುರಿದು ತಿಂದಂತೆ. ಬ್ಯಾಟರಿ ಹಾಗೂ ಹೈಡ್ರೋಜನ್ನನ್ನು ಎದುರಾಳಿಗಳೆಂದು ಪರೀಕ್ಷೆಯಲ್ಲಿ ಬರೆಯಬೇಡಿ. ಮೊದಲ ಹನಿ ಎಲ್ಲಿಗೆ ಹೋಗಬೇಕು ಎಂಬ ಆದ್ಯತೆಯನ್ನು ಬರೆಯಿರಿ.

ಪ್ರಶ್ನೆ: ಸೋಡಿಯಂ ಬ್ಯಾಟರಿ, ಘನಸ್ಥಿತಿಯ ಬ್ಯಾಟರಿ ಎಂದರೇನು? ಅವು ಬರುವವರೆಗೆ ಕಾಯಬೇಕೇ? (ಹೆಸರು ಬರೆಯದ ಓದುಗರು)

ಉತ್ತರ: ಸೋಡಿಯಂ ಬ್ಯಾಟರಿಯಲ್ಲಿ ಲಿಥಿಯಂ ಬದಲು ಉಪ್ಪಿನಲ್ಲೂ ಇರುವ ಸೋಡಿಯಂ ಬಳಕೆಯಾಗುತ್ತದೆ, ತೂಕ ಹೆಚ್ಚು, ಚಳಿಯನ್ನು ಚೆನ್ನಾಗಿ ತಾಳುತ್ತದೆ. ಘನಸ್ಥಿತಿಯ ಬ್ಯಾಟರಿಯಲ್ಲಿ ಒಳಗಿನ ದ್ರಾವಣದ ಜಾಗದಲ್ಲಿ ಘನ ಪದಾರ್ಥವಿರುತ್ತದೆ, ಹೆಚ್ಚು ಶಕ್ತಿ ಹಿಡಿಯುವ ಭರವಸೆ ಅದರದು. ಕಾಯಬೇಕಿಲ್ಲ. 2010ರಲ್ಲಿ ಯೂನಿಟ್ ಸಾಮರ್ಥ್ಯಕ್ಕೆ ಸಾವಿರ ಡಾಲರಿಗೂ ಮೇಲಿದ್ದ ಲಿಥಿಯಂ ಬ್ಯಾಟರಿಯ ಜಾಗತಿಕ ಸರಾಸರಿ ಬೆಲೆ 2024ರಲ್ಲಿ 115 ಡಾಲರಿಗೆ ಇಳಿಯಿತು, ಮತ್ತು ಈ ಇಳಿತ ಬಂದದ್ದು ಯಾವುದೋ ಒಂದು ಪವಾಡದಿಂದಲ್ಲ, ವರ್ಷ ವರ್ಷದ ಸಣ್ಣ ಸುಧಾರಣೆಗಳಿಂದ.

ಪ್ರಶ್ನೆ: ಇಂಧನ ಕೋಶವನ್ನು ನಾನೇ ಮಾಡಿ ನೋಡಬಹುದೇ? (ಒಂಬತ್ತನೆಯ ತರಗತಿಯ ವಿದ್ಯಾರ್ಥಿ)

ಉತ್ತರ: ಮಾಡಬಹುದು ಮಗು, ದೊಡ್ಡವರೊಬ್ಬರನ್ನು ಜೊತೆಗಿಟ್ಟುಕೋ. ಎರಡು ಪೆನ್ಸಿಲ್‌ಗಳನ್ನು ಎರಡೂ ತುದಿಗಳಲ್ಲಿ ಚೂಪು ಮಾಡು. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ, ಪೆನ್ಸಿಲ್‌ಗಳ ಕೆಳತುದಿ ಅದರಲ್ಲಿ ಮುಳುಗುವಂತೆ, ಒಂದಕ್ಕೊಂದು ತಾಗದಂತೆ ನಿಲ್ಲಿಸು. ಸೋಡಾ ಬದಲು ಉಪ್ಪನ್ನು ಹಾಕಬೇಡ, ಹಾಕಿದರೆ ವಿಷಕಾರಿ ಕ್ಲೋರಿನ್ ಹುಟ್ಟುತ್ತದೆ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ. ಮೇಲಿನ ಎರಡು ತುದಿಗಳಿಗೆ 9 ವೋಲ್ಟಿನ ಬ್ಯಾಟರಿಯನ್ನು ತಂತಿಯಿಂದ ಜೋಡಿಸಿದರೆ ಪೆನ್ಸಿಲ್ಲುಗಳೊಳಗಿನ ಎರಡೂ ಗ್ರಾಫೈಟ್ ಕಡ್ಡಿಗಳಿಂದ ಗುಳ್ಳೆಗಳು ಏಳುತ್ತವೆ. ಹೆಚ್ಚು ಗುಳ್ಳೆ ಬರುವ ಕಡೆ ಹೈಡ್ರೋಜನ್, ಇನ್ನೊಂದು ಕಡೆ ಆಮ್ಲಜನಕ.

ಎರಡು ನಿಮಿಷ ಬಿಟ್ಟು ಬ್ಯಾಟರಿಯನ್ನು ಪೂರ್ತಿ ಕಳಚಿ, ಆ ತುದಿಗಳಿಗೆ ಮಲ್ಟಿಮೀಟರ್ ಹಿಡಿ. ಬ್ಯಾಟರಿಯೇ ಇಲ್ಲದಿದ್ದರೂ ಮೊದಲು ಒಂದು ವೋಲ್ಟಿನ ಆಸುಪಾಸಿನ ಅಂಕಿ ಕಂಡು, ನೋಡನೋಡುತ್ತಿದ್ದಂತೆ ಇಳಿಯತೊಡಗುತ್ತದೆ. ಕಡ್ಡಿಗಳಿಗೆ ಅಂಟಿಕೊಂಡ ಅನಿಲ ಮತ್ತೆ ನೀರಾಗುತ್ತ ವಿದ್ಯುತ್ತನ್ನು ಮರಳಿಸುತ್ತಿದೆ. ಗ್ರೋವ್ 1839ರಲ್ಲಿ ಪ್ಲಾಟಿನಂ ಕಡ್ಡಿಗಳಿಂದ ಕಂಡದ್ದೂ ಇದನ್ನೇ. ಒಂದು ಹಾಳೆಯಲ್ಲಿ ಎರಡು ಕಾಲಂ ಹಾಕಿ, ಬ್ಯಾಟರಿ ಜೋಡಿಸಿಟ್ಟ ಸೆಕೆಂಡುಗಳನ್ನು ಒಂದರಲ್ಲಿ, ಅಂಕಿ ಅರ್ಧಕ್ಕೆ ಇಳಿಯಲು ಹಿಡಿದ ಸೆಕೆಂಡುಗಳನ್ನು ಇನ್ನೊಂದರಲ್ಲಿ ಬರೆ. ಐದಾರು ಸಲ ಮಾಡಿದ ಮೇಲೆ ಆ ಹಾಳೆಯನ್ನು ನಮಗೆ ಕಳುಹಿಸು.